ಮೇಲ್ವಿಚಾರಣಾ ಮೀಮಾಂಸೆ

‘ಮೇಲ್ವಿಚಾರಣೆ’ ಎಂಬ ಪದದ ಅರ್ಥದ ಬಗ್ಗೆ ಪಂಡಿತರಲ್ಲಿ ಎರಡು ಪಕ್ಷಗಳಿವೆ. ಮೇಲೆ ಕೂತವರು ಮಾಡುವ ವಿಚಾರಣೆ ಎಂಬುದು ಪೂರ್ವಪಕ್ಷ. ಮೇಲೆ ಹತ್ತಿದವನನ್ನು ಕೆಳಗೆ ನಿಂತು ವಿಚಾರಿಸುವುದು ಎಂಬುದು ಸಿದ್ಧಾಂತ. ಯಾವುದಾದರೂ ನಗರಸಭೆಯ ಕಟ್ಟಡ ರಿಪೇರಿ ಗ್ಯಾಂಗಿನ ಹಿಂದೆ ಒಂದು ಮಳೆಗಾಲ ಓಡಾಡಿದವರು ಕಣ್ಣು ಮುಚ್ಚಿ ಎರಡನೆಯದಕ್ಕೇ ಸಹಿ ಹಾಕುತ್ತಾರೆ. ಏಣಿಯ ಮೇಲೆ ಒಬ್ಬ, ಏಣಿ ಹಿಡಿದವನು ಇನ್ನೊಬ್ಬ, ಹಿಡಿದವನಿಗೆ ‘ಗಟ್ಟಿಯಾಗಿ ಹಿಡ್ಕೊಳ್ಳಪ್ಪಾ’ ಎನ್ನುವವನು ಮತ್ತೊಬ್ಬ. ಈ ಮೂರನೆಯವನಿಗೆ ಸಂಬಳದ ಪಟ್ಟಿಯಲ್ಲಿ ಕಿರಿಯ ಎಂಜಿನಿಯರ್ ಎಂದೂ, ಊರಿನವರ ಬಾಯಲ್ಲಿ ಜೆಇ ಸಾಹೇಬರು ಎಂದೂ ಹೆಸರು.

ಈ ಶಾಸ್ತ್ರದ ಮಂಗಳಶ್ಲೋಕ ಬೆಂಗಳೂರಿನಲ್ಲಿದೆ. 1951ರಲ್ಲಿ ಅಡಿಗಲ್ಲು ಬಿದ್ದು, ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಮೇಲೆದ್ದು, 1956ರಲ್ಲಿ ಮುಗಿದ ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದ್ದಾರೆ. ತಾಲ್ಲೂಕು ಮಟ್ಟದ ಭಾಷ್ಯಕಾರರು ಇದಕ್ಕೆ ಕೊಟ್ಟ ಅರ್ಥ ಸರಳ: ಕಟ್ಟುವುದು ಸರ್ಕಾರದ್ದು, ಉಳಿಸಿಕೊಳ್ಳುವುದು ದೇವರದ್ದು. ಇದು ಬರೀ ಕುಹಕ ಎನ್ನುವವರು ರಾಜ್ಯ ಬಜೆಟ್ಟಿನ ಲೆಕ್ಕಶೀರ್ಷಿಕೆಗಳನ್ನು ತೆರೆದು ನೋಡಬೇಕು. ಸರ್ಕಾರಿ ಕಟ್ಟಡಗಳನ್ನು ಹೊಸದಾಗಿ ಕಟ್ಟುವ ಬಂಡವಾಳ ವೆಚ್ಚ 4059ರಲ್ಲಿ ಬೀಳುತ್ತದೆ, ಕಟ್ಟಿದ್ದನ್ನು ನೋಡಿಕೊಳ್ಳುವ ವೆಚ್ಚ 2059ರಲ್ಲಿ. ಎರಡರ ನಡುವಿನ ಅಂತರ ಸರಿಯಾಗಿ 2000. ಉದ್ಘಾಟನೆಯ ಕಲ್ಲು, ರಿಬ್ಬನ್ನು, ಕತ್ತರಿ, ಹಾರ ಎಲ್ಲವೂ 4059ರ ಮಕ್ಕಳು. ಬಕೆಟ್ಟು ಮಾತ್ರ 2059ಕ್ಕೆ ಸೇರಿದ್ದು.

ಇನ್ನು ಸೋರಿಕೆಯನ್ನು ತಿಳಿಯುವ ಬಗೆ. ನ್ಯಾಯಶಾಸ್ತ್ರ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ. ಜನನ-ಮರಣ ವಿಭಾಗದ ಗುಮಾಸ್ತರ ನೆತ್ತಿಯ ಮೇಲೆ ಬಿದ್ದ ಹನಿ ಪ್ರತ್ಯಕ್ಷ. ಮೇಜಿನ ಮೇಲೆ ಬಕೆಟ್ ಇದೆ, ಆದ್ದರಿಂದ ಮೇಲೆ ತೂತಿದೆ ಎಂಬುದು ಅನುಮಾನ. ಹೊಗೆಯಿಂದ ಬೆಂಕಿಯನ್ನು ಊಹಿಸಿದ ಹಾಗೆ. ‘ಪಶು ಆಸ್ಪತ್ರೇಲಿ ಸೋರಿತ್ತಲ್ಲ ಸಾ, ಹಂಗೇ’ ಎಂಬುದು ಉಪಮಾನ. ಶಬ್ದವೆಂದರೆ ಆಪ್ತವಾಕ್ಯ ಎಂದು ಗೌತಮರ ಸಂಪ್ರದಾಯ ಹೇಳುತ್ತದೆ. ರೆಕಾರ್ಡ್ ರೂಮಿನಲ್ಲಿ ಅದು ಟಪ್ ಟಪ್. ನಗರಸಭೆ ಈ ನಾಲ್ಕರಲ್ಲಿ ಒಂದನ್ನೂ ಒಪ್ಪುವುದಿಲ್ಲ. ಅದಕ್ಕೆ ಐದನೆಯದೊಂದು ಪ್ರಮಾಣ ಬೇಕು: ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ ಮೂಡಿದ ಜಿಪಿಎಸ್ ಫೋಟೊ. ಹಾಗಾಗಿ ಭೂಗೋಳದಲ್ಲಿ ತನ್ನ ಸ್ಥಾನ ಇಷ್ಟು ಖಚಿತವಾಗಿ ಗೊತ್ತಿರುವ ಬಕೆಟ್ಟು ನಮ್ಮ ಕಚೇರಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಗಲಾರದು.

ಸೋರಿಕೆ ಹುಟ್ಟುವುದು ಯಾವಾಗ ಎಂಬ ಪ್ರಶ್ನೆಗೆ ಸಾಂಖ್ಯರ ಸತ್ಕಾರ್ಯವಾದವೇ ಸರಿ. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆ ಎನ್ನುತ್ತಾರೆ ಅವರು. ತಾರಸಿ ಹಾಕಿದ ವಾರದಲ್ಲೇ ಸೋರಿಕೆ ಅದರೊಳಗೆ ಸೇರಿಕೊಂಡಿತ್ತು. ಕಾಂಕ್ರೀಟಿಗೆ ಸಂಬಂಧಿಸಿದ ಐಎಸ್ 456 ಸಂಹಿತೆಯ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ಮೈ ಒಣಗದಂತೆ ನೀರುಣಿಸಬೇಕು. ನೀರು ಹಾಕಬೇಕಾದ ಹುಡುಗನನ್ನು ಮೂರನೆಯ ದಿನ ಶಾಮಿಯಾನದ ಕುರ್ಚಿ ಜೋಡಿಸಲು ಕರೆದುಕೊಂಡು ಹೋದರೆ, ಆ ಕುರ್ಚಿಗಳ ಮೇಲೆ ಕೂತವರು ಚಪ್ಪಾಳೆ ತಟ್ಟುವ ಹೊತ್ತಿಗೆ ಮೇಲೆ ಕೂದಲೆಳೆಯಂಥ ಬಿರುಕುಗಳು ಕಣ್ಣು ಬಿಡುತ್ತಿರುತ್ತವೆ.

ಕಾಲನಿರ್ಣಯದ ಅಧ್ಯಾಯ ಚಿಕ್ಕದು. ಸೋರುವುದು ಜೂನ್. ಎಸ್ಟಿಮೇಟ್ ಆಗುವುದು ಜುಲೈ. ಫೈಲು ಪೌರಾಯುಕ್ತರ ಮೇಜು ದಾಟಿ, ಸ್ಥಾಯಿ ಸಮಿತಿ ಕಂಡು, ಟೆಂಡರ್ ಕರೆದು ಕೆಲಸ ಶುರುವಾಗುವ ಹೊತ್ತಿಗೆ ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದಿರುತ್ತದೆ. ಮಾರ್ಚ್ 31ರೊಳಗೆ ಬಿಲ್ಲು. ಸೋರುತ್ತದೋ ಇಲ್ಲವೋ ನೋಡಬೇಕೆಂದರೆ ಮಾಳಿಗೆಯ ಮೇಲೆ ಕಟ್ಟೆ ಕಟ್ಟಿ ಒಂದೆರಡು ದಿನ ನೀರು ನಿಲ್ಲಿಸಬೇಕು. ಮಾರ್ಚಿನಲ್ಲಿ ಊರಿಗೇ ಟ್ಯಾಂಕರ್ ನೀರು. ಮಾಳಿಗೆಗೆ ನೀರು ಕೇಳಿದ ಜೆಇಗೆ ವಾರ್ಡಿನವರು ಏನಂದಾರು? ಹೀಗಾಗಿ ನಮ್ಮ ರಿಪೇರಿಗಳೆಲ್ಲ ಒಣಗಾಲದಲ್ಲಿ ಪಾಸಾಗಿ ಮಳೆಗಾಲದಲ್ಲಿ ಫೇಲಾಗುತ್ತವೆ. ಶಿಶುನಾಳ ಶರೀಫರ ಮಾಳಿಗೆ ಸೋರುವುದಕ್ಕೆ ಕಾರಣ ಅಜ್ಞಾನ. ನಗರಸಭೆಯ ಮಾಳಿಗೆಗೆ ಆ ನೆಪವೂ ಇಲ್ಲ. ಎಲ್ಲರಿಗೂ ಎಲ್ಲವೂ ಗೊತ್ತು.

ಈಗ ಶಾಸ್ತ್ರದ ಗರ್ಭಗುಡಿಗೆ ಬರಬೇಕು. ಅಲ್ಲಿ ಕೂತಿರುವುದು ಅಳತೆ ಪುಸ್ತಕ, ಎಂದರೆ ಎಂಬಿ. ವೇದದ ಒಂದಕ್ಷರವೂ ಆಚೀಚೆ ಆಗದಿರಲಿ ಎಂದು ಹಿಂದಿನವರು ಪದಪಾಠ, ಕ್ರಮಪಾಠ, ಜಟಾಪಾಠ ಎಂದೆಲ್ಲ ಕಟ್ಟುಪಾಡು ಮಾಡಿದ್ದರಷ್ಟೆ. ಎಂಬಿಯದೂ ಅದೇ ಮಡಿ. ಪುಸ್ತಕಕ್ಕೆ ನಂಬರು, ಪುಟಕ್ಕೆ ನಂಬರು. ಹಾಳೆ ಹರಿಯುವಂತಿಲ್ಲ, ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದರೆ ಗೆರೆ ಎಳೆದು, ಸರಿಯಾದದ್ದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ. ಉದ್ದ, ಅಗಲ, ಎತ್ತರ ಎಂಬ ಮೂರು ಕಲಮುಗಳಲ್ಲಿ ಯಾವುದು ಬರುತ್ತದೋ ಅದು ಸತ್ಯ. ಬಾರದಿರುವುದು ಮಿಥ್ಯೆ.

ಮಳೆನೀರಿನ ಪೈಪಿನ ಬಾಯಿಂದ ತೆಗೆದ ಕಸಕ್ಕೆ ಉದ್ದ ಎಷ್ಟು?

ಈ ಒಂದು ಪ್ರಶ್ನೆಗೆ ಎಂಬಿಯಲ್ಲಿ ಜಾಗವಿಲ್ಲದ್ದರಿಂದ ಎಷ್ಟು ಸಿಮೆಂಟು ಖರ್ಚಾಗಿದೆ ಎಂಬುದು ಬೇರೆಯೇ ಗ್ರಂಥದ ವಸ್ತು. ಕಸ ತೆಗೆಯುವ ಕೆಲಸಕ್ಕೆ ಬಿಲ್ಲು ಬರೆಯುವುದು ಕಷ್ಟ; ಮಾಳಿಗೆಯ ಮೇಲೆ 40 ಮಿಲಿಮೀಟರ್ ದಪ್ಪದ ಹೊಸ ಗಾರೆ ಪದರ ಹಾಕುವುದಕ್ಕೆ ಬಿಲ್ಲು ತಾನೇ ಬರೆದುಕೊಳ್ಳುತ್ತದೆ. ಆದ್ದರಿಂದ ಪದರ ಬೀಳುತ್ತದೆ. ಎರಡು ಮಳೆಗಾಲ ಕಳೆದು ಅದರ ಮೇಲೆ ಇನ್ನೊಂದು. ಇಲ್ಲಿ ಸ್ವಲ್ಪ ಗಣಿತ ಮಾಡಬಹುದು. ಗಾರೆ ಘನಮೀಟರಿಗೆ ಸುಮಾರು 2,300 ಕೆಜಿ ತೂಗುತ್ತದೆ. 40 ಮಿಲಿಮೀಟರ್ ಎಂದರೆ ಚದರ ಮೀಟರಿಗೆ 92 ಕೆಜಿ. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ರೆಕಾರ್ಡ್ ರೂಮಿನ ನೆತ್ತಿಗೆ ಐದೂವರೆ ಟನ್. ಮೈಸೂರು ದಸರೆಯಲ್ಲಿ ಅಂಬಾರಿ ಹೊರುವ ದೊಡ್ಡಾನೆಯ ತೂಕವೂ ಹೆಚ್ಚುಕಡಿಮೆ ಇಷ್ಟೇ. ಎಂದರೆ ಪ್ರತಿ ರಿಪೇರಿಗೆ ಒಂದು ಆನೆಯನ್ನು ಹತ್ತಿಸಿ, ಇಳಿಸದೆ ಬಂದಿದ್ದಾರೆ. ಮೂರು ಸಲ ರಿಪೇರಿ ಆದ ಕಟ್ಟಡದ ಮೇಲೆ ಮೂರು ಆನೆ ನಿಂತಿವೆ, ಕೆಳಗೆ ಗುಮಾಸ್ತರು ಖಾತೆ ಬದಲಾವಣೆಯ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ.

ಹಳೇ ಮೈಸೂರಿನ ಕಡೆಯ ಒಂದು ನಗರಸಭೆಯಲ್ಲಿ ನಾಲ್ಕನೇ ಆನೆಗೆ ಎಸ್ಟಿಮೇಟ್ ತಯಾರಾಗುತ್ತಿದ್ದ ಬೆಳಿಗ್ಗೆ ನಡೆದದ್ದು ಹೀಗೆ. ಜೆಇ ಹೊಸಬರು, ಟೇಪು ಹಿಡಿದು ಮಾಳಿಗೆ ಹತ್ತಿದ್ದರು. ನಿವೃತ್ತಿಗೆ ವರ್ಷವಷ್ಟೇ ಉಳಿದಿದ್ದ ಮೇಸ್ತ್ರಿ ಪಂಚೆ ಎತ್ತಿ ಕಟ್ಟಿಕೊಂಡು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಹೆಬ್ಬೆರಳುದ್ದ ನೀರು ಕೆರೆಯಂತೆ ನಿಂತಿತ್ತು.

‘ಟೇಪಿನ ತುದಿ ಹಿಡ್ಕೊಳ್ಳಿ ಮೇಸ್ತ್ರಿಗಳೇ.’

‘ಹಿಡ್ಕೋತೀನಿ ಸಾ. ಒಸಿ ತಡೀರಿ.’

ಮೇಸ್ತ್ರಿ ಮೊಣಕೈವರೆಗೆ ಕೈಯನ್ನು ಪೈಪಿನ ಬಾಯಿಗೆ ಇಳಿಸಿದರು. ಮೊದಲು ಬಂದದ್ದು ಕೊಳೆತ ಹೊಂಗೆ ಎಲೆಯ ಒಂದು ಮುದ್ದೆ. ಆಮೇಲೆ ಮೂರು ಪ್ಲಾಸ್ಟಿಕ್ ಟೀ ಲೋಟ, ಪಾರಿವಾಳದ ರೆಕ್ಕೆ, ಬಣ್ಣ ಹೋದ ಒಂದು ಟೆನಿಸ್ ಚೆಂಡು. ಕೊನೆಯಲ್ಲಿ, ಎಳೆದಷ್ಟೂ ಬರುತ್ತಿದ್ದ ಫೈಲಿನ ಕೆಂಪು ದಾರ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪೈಪು ಗೊಳಕ್ ಎಂದಿತು. ನೀರು ಸುಳಿ ತಿರುಗುತ್ತ ಇಳಿಯತೊಡಗಿತು. ಮೇಸ್ತ್ರಿ ಬೀಡಿ ಹಚ್ಚಿಕೊಂಡರು. ಒಟ್ಟು ಹತ್ತು ನಿಮಿಷ. ಜೆಇ ಎಂಬಿ ತೆರೆದು, ಪೆನ್ನಿನ ಕ್ಯಾಪು ತೆಗೆದು, ಸ್ವಲ್ಪ ಹೊತ್ತು ಉದ್ದ, ಅಗಲ, ಎತ್ತರಗಳನ್ನು ನೋಡುತ್ತ ನಿಂತು, ಕ್ಯಾಪು ಹಾಕಿದರು.

ಗ್ಯಾಂಗ್ ಎಂಬುದರ ಲಕ್ಷಣ ಹೇಳದೆ ಶಾಸ್ತ್ರ ಪೂರ್ಣವಾಗದು. ಹೇಳುವುದಕ್ಕೆ ಕಷ್ಟವೇನೆಂದರೆ, ಹುದ್ದೆಗಳ ಪಟ್ಟಿಯಲ್ಲಿ ಗ್ಯಾಂಗ್ ದೊಡ್ಡದಾಗಿರುತ್ತದೆ, ಏಣಿಯ ಬುಡದಲ್ಲಿ ಚಿಕ್ಕದಾಗಿರುತ್ತದೆ. ಪ್ಲಂಬರ್ ಹುದ್ದೆ ಖಾಲಿ. ಎಲೆಕ್ಟ್ರಿಷಿಯನ್ ಹೊರಗುತ್ತಿಗೆ. ಇಬ್ಬರು ಹೆಲ್ಪರ್‌ಗಳು ಏಜೆನ್ಸಿಯವರು. ಇದರ ಹಿಂದೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಎರಡು ಪ್ರಕರಣಗಳ ನೆರಳಿದೆ. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘದ ಪ್ರಕರಣದಲ್ಲಿ ದಿನಗೂಲಿಗಳನ್ನು ಹಂತಹಂತವಾಗಿ ಕಾಯಂ ಮಾಡುವ ಯೋಜನೆಗೆ ಕೋರ್ಟು ದಾರಿ ಮಾಡಿಕೊಟ್ಟಿತು. 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ನೇಮಕಾತಿ ನಿಯಮ ದಾಟಿ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಿತು. ಮೊದಲನೆಯ ಗಾಳಿಯಲ್ಲಿ ಮೇಸ್ತ್ರಿ ದಡ ಸೇರಿದರು. ಏಣಿ ಹಿಡಿಯುವ ಹುಡುಗ ಎರಡನೆಯದರ ಆಚೆಗೆ ಹುಟ್ಟಿದ ತಲೆಮಾರಿನ ನೌಕರ. ಅವನ ಹಾಜರಿ ಏಜೆನ್ಸಿಯ ಬಳಿ, ಸಂಬಳ ಏಜೆನ್ಸಿಯ ಬಳಿ, ಪಿಎಫ್ ಎಲ್ಲಿದೆಯೆಂದು ಅವನಿಗೂ ಗೊತ್ತಿಲ್ಲ. ಜೆಇ ಅವನಿಗೆ ಕೆಲಸ ಹೇಳಬಹುದು, ರಜೆ ಕೊಡುವಂತಿಲ್ಲ. ಬೈಯಬಹುದು, ನೋಟಿಸ್ ಕೊಡುವಂತಿಲ್ಲ. ತನ್ನವರಲ್ಲದವರ ಮೇಲ್ವಿಚಾರಣೆ ಮಾಡುವುದು ಹೇಗೆ ಎಂಬ ಈ ಅದ್ವೈತ ಸಮಸ್ಯೆಗೆ ಇಲಾಖೆಯ ಬಳಿ ಉತ್ತರವಿಲ್ಲ. ಹುಡುಗ ಕೆಲಸ ಮಾಡುವುದು ಮೇಸ್ತ್ರಿಗೆ ಮರ್ಯಾದೆ ಕೊಟ್ಟು.

ಮೇಸ್ತ್ರಿಯ ವಿದ್ಯೆಯಲ್ಲಿ ಸುಣ್ಣದ ಪಾಠ ಮುಖ್ಯವಾದದ್ದು. ಹಳೆಯ ಕಟ್ಟಡಗಳ ಗೋಡೆಗಳು ಸುಣ್ಣದ ಗಾರೆಯವು. ಅವು ಮಳೆಯಲ್ಲಿ ನೀರು ಕುಡಿದು ಬಿಸಿಲಿನಲ್ಲಿ ಬಿಡುತ್ತವೆ. ಉದುರಿದ ಕಡೆ ಸಿಮೆಂಟು ಮೆತ್ತಿದರೆ ಒಳಗಿನ ತೇವಕ್ಕೆ ದಾರಿ ಕಟ್ಟಿ, ಉಪ್ಪು ಕಟ್ಟಿಕೊಂಡು, ಪಕ್ಕದ ಗಟ್ಟಿ ಗೋಡೆಯೂ ಉದುರುತ್ತದೆ. ಇದನ್ನು ಮೇಸ್ತ್ರಿ ‘ಸಿಮೆಂಟ್ ಹಾಕಿದ್ರೆ ಗೋಡೆಗೆ ಉಬ್ಬಸ ಬರ್ತದೆ’ ಎನ್ನುತ್ತಾರೆ. ಆದರೆ ಕಚೇರಿಗೆ ಸಿಮೆಂಟು ಸಲೀಸು. ಸುಣ್ಣ ಅರೆದು, ಕೊಳೆಸಿ, ಕಾಯಲು ಮಾರ್ಚ್ 31 ಬಿಡುವುದಿಲ್ಲ. ಇನ್ನು ಪ್ಯಾರಾಪೆಟ್ಟಿನ ಸಂದಿನಲ್ಲಿ ಹುಟ್ಟಿದ ಅರಳಿ ಸಸಿಯದು ಶುದ್ಧ ಧರ್ಮಸಂಕಟ. ಹಕ್ಕಿ ಉದುರಿಸಿದ ಬೀಜ, ಎರಡೆಲೆ ಇದ್ದಾಗ ಎರಡು ಬೆರಳಲ್ಲಿ ಕೀಳಬಹುದು. ಅರಳಿಗೆ ಕೈ ಹಾಕಲು ಗ್ಯಾಂಗಿನಲ್ಲಿ ಯಾರೂ ತಯಾರಿಲ್ಲ. ಕೊಂಬೆ ಸವರುತ್ತಾರೆ, ಬೇರು ಬಿಡುತ್ತಾರೆ. ಬೇರು ಗೋಡೆಯನ್ನು ಬಿಡುವುದಿಲ್ಲ.

ಇದೆಲ್ಲ ನಗೆಯ ಮಾತಾಗಿ ಉಳಿಯದ ಊರು ಮೈಸೂರು. ಪಾಲಿಕೆಗೆ ಸೇರಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ, ದುರಸ್ತಿ ನಡೆಯುತ್ತಿರುವಾಗಲೇ, ನೆಲಕ್ಕೆ ಬಂತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು; ತಜ್ಞರ ಸಮಿತಿಗಳು ಬಂದವು, ಕೋರ್ಟು ಬಂತು. ಕೆಡವುವುದಕ್ಕೂ ಮತ್ತೆ ಕಟ್ಟುವುದಕ್ಕೂ ಅಂದಾಜುಪಟ್ಟಿ ಬರೆಯಬಹುದು. ದಿನಾ ನೋಡಿಕೊಳ್ಳುವುದಕ್ಕೆ ಬರೆಯುವುದೇ ಕಷ್ಟ.

ಸಚಿವರ ಭೇಟಿಯ ಬಣ್ಣದ ಬಗ್ಗೆ ಬರೆಯಲು ಹೆಚ್ಚಿಲ್ಲ. ಸಚಿವರು ನಡೆಯುವ ದಾರಿಯ ಎಡಬಲಕ್ಕೆ, ಅವರ ಕಣ್ಣು ಏರುವ ಎತ್ತರದವರೆಗೆ, ಎರಡು ಕೋಟ್. ಹಾಗೆಯೇ ಉಗ್ರಾಣದ ಸಾಮಾನುಗಳ ನಿಜವಾದ ತಪಾಸಣೆ ನಡೆಯುವುದು ಆಯುಧಪೂಜೆಯ ದಿನ. ವರ್ಷವಿಡೀ ‘ಎಲ್ಲೋ ಇದೆ ಸಾ’ ಎಂದಿದ್ದ ಪೈಪ್ ರೆಂಚು, ಕರಣೆ, ರಸಮಟ್ಟ, ಬಾಂಡ್ಲಿ ಎಲ್ಲವೂ ಅಂದು ಕುಂಕುಮ ಇಟ್ಟುಕೊಂಡು ಸಾಲಾಗಿ ಕೂರುತ್ತವೆ. ಏಣಿಗೂ ಒಂದು ಕುಂಬಳಕಾಯಿ ಒಡೆಯುತ್ತಾರೆ.

ಮೇಸ್ತ್ರಿ ಒಂದು ಮೇ 31ಕ್ಕೆ, ಅರವತ್ತು ತುಂಬಿ, ನಿವೃತ್ತರಾದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಪೌರಾಯುಕ್ತರ ನಾಲ್ಕು ಮಾತು. ಚಾರ್ಜ್ ಪಟ್ಟಿಯಲ್ಲಿ ಕರಣೆ 2, ಬಾಂಡ್ಲಿ 4, ಏಣಿ 1 ಎಂದೆಲ್ಲ ಬರೆದು ಒಪ್ಪಿಸಿದ್ದಾಯಿತು. ಮಾಳಿಗೆಯ ಬಾಗಿಲಿನ ಬೀಗದ ಕೈ ಪಟ್ಟಿಯಲ್ಲಿರಲಿಲ್ಲ. ಅದು ಇಪ್ಪತ್ತು ವರ್ಷದಿಂದ ಅವರ ಉಡಿದಾರದಲ್ಲಿತ್ತು, ಉಡಿದಾರ ಮನೆಗೆ ಹೋಯಿತು. ಜೂನ್ ಎರಡನೆಯ ವಾರ ರಾತ್ರಿಯಿಡೀ ಮಳೆ ಹೊಡೆದ ಬೆಳಿಗ್ಗೆ ಏಣಿ ಹಿಡಿಯುವ ಹುಡುಗ ಸೈಕಲ್ಲಿನಲ್ಲಿ ಅವರ ಮನೆ ಮುಂದೆ ನಿಂತ. ‘ಮೇಸ್ತ್ರಿ, ಜೆಇ ಸಾಹೇಬ್ರು ಬೀಗದ ಕೈ ಇಸ್ಕೊಂಡ್ ಬಾ ಅಂದ್ರು.’ ಮೇಸ್ತ್ರಿ ಕೈ ಕೊಡಲಿಲ್ಲ. ಒಳಗೆ ಹೋಗಿ, ಹಳೆಯ ಪಂಚೆ ಉಟ್ಟು ಬಂದು, ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತರು.