ಸೂರ್ಯನ ಹಾಜರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಯಾವ ಊರಿಗೆ ಹೋದರೂ ಇವರೊಬ್ಬರು ಸಿಗುತ್ತಾರೆ: ನಿವೃತ್ತ ವಿಜ್ಞಾನ ಮಾಸ್ತರು. ಜೀವಮಾನವಿಡೀ ಹುಡುಗರ ಹಾಜರಿ ಕರೆದ ಬಾಯಿ, ಪಿಂಚಣಿ ಬಂತೆಂದು ಸುಮ್ಮನಿದ್ದೀತೆ? ಈಗ ಸೂರ್ಯನ ಹಾಜರಿ ಕರೆಯುತ್ತಾರೆ.

ನಸುಕಿನಲ್ಲಿ ಹಾಲಿನವನಿಗಿಂತ ಮೊದಲೇ ಮಂಕಿಟೋಪಿ ಏರಿಸಿ, ಟ್ರೈಪಾಡ್ ಹೆಗಲಿಗಿಟ್ಟು ಎರೆಹೊಲದ ಬದುವಿಗೆ ಸವಾರಿ. ಮೊಬೈಲನ್ನು ನೆಟ್ಟಗೆ ನಿಲ್ಲಿಸಿ, ಗಡಿಯಾರವನ್ನು ಸೆಕೆಂಡಿಗೆ ಸೆಕೆಂಡು ಹೊಂದಿಸಿ ಕೂತರೆಂದರೆ ಅಡ್ಡ ಬಂದ ಎಮ್ಮೆಗೂ "ಏ, ಸರೀ ಆ ಕಡೆ" ಎಂದು ಕ್ಲಾಸಿನ ದನಿ. ಸಂಜೆ ಮತ್ತೆ ಪಶ್ಚಿಮಕ್ಕೆ ಮುಖ. ಬಾಗೇವಾಡಿಯವರಿಗೆ ಕೂಡಗಿ ವಿದ್ಯುತ್ ಸ್ಥಾವರದ ಚಿಮಣಿ ಅಡ್ಡ, ಇಂಡಿಯವರಿಗೆ ಕಬ್ಬು. ತೊಗರಿ ಎದೆಮಟ್ಟ ಬಂದರೆ ಕ್ಷಿತಿಜ ಮುಚ್ಚಿತಲ್ಲ ಎಂದು ಹಲುಬುತ್ತಾರೆ. ವಿಜಯಪುರ ಜಿಲ್ಲೆಯಲ್ಲಿ ಬೆಳೆ ಚಲೋ ಬಂತೆಂದು ಕೊರಗುವವರು ಇವರೊಬ್ಬರೇ.

"ದಿನಾ ಬರೂ ಸೂರ್ಯಾ ಅಲ್ರೀ ಸರ, ಏನ ನೋಡತೀರಿ?" ಚಹಾದಂಗಡಿಯಲ್ಲಿ ಹೀಗೆ ಕೇಳಿದವನು ಕೆಟ್ಟ. ಕ್ಯಾಲೆಂಡರಿನ ಹೊತ್ತು ಬರೀ ಲೆಕ್ಕದ್ದು. ಕ್ಷಿತಿಜದಲ್ಲಿ ಗಾಳಿ ಬೆಳಕನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಬಾಗಿಸುತ್ತದೆಂದು ಹಿಡಿದು ಹಾಕಿದ್ದು. ಥಂಡಿ, ಸೆಕೆ, ಒತ್ತಡ ಬದಲಾದರೆ ಬಾಗುವಿಕೆಯೂ ಬದಲಾಗುತ್ತದೆ, ಸೂರ್ಯ ಹೇಳಿದ ಹೊತ್ತಿಗೆ ಬರುವುದಿಲ್ಲ. ಎಷ್ಟು ತಪ್ಪುತ್ತಾನೆಂದು ತಿಳಿಯಲು ಸಂಶೋಧಕರಿಗೆ ಊರೂರ ಜನ ತೆಗೆದ ವಿಡಿಯೊ ಬೇಕು. "ಅಂವಾ ಲೇಟ್ ಬಂದದ್ದಕ್ಕ ನನ್ನ ಕಡೆ ಪುರಾವೆ ಐತಿ!"

"ಅದೆಲ್ಲಾ ಇರಲಿ ಸರ, ಹೊಲಕ್ಕ ತ್ರೀ ಫೇಸ್ ಕರೆಂಟ್ ಎಷ್ಟಕ್ಕ ಬರ್ತೈತಿ? ಅದನ್ನ ಹೇಳ್ರಿ."

ಇಂಥವರು ನಾಲ್ಕೂ ಊರಿನಿಂದ ಒಂದು ಮದುವೆಯಲ್ಲಿ ಕೂಡಿದರೆ ಮುಗಿಯಿತು. ಸಿಂದಗಿ ತುಸು ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯ ಇಂಡಿಗಿಂತ ಸುಮಾರು ಒಂದು ನಿಮಿಷ ಮೊದಲು ಹುಟ್ಟುತ್ತಾನೆ. "ನಾವು ಬಳಸಿಬಿಟ್ಟ ಸೂರ್ಯಾ ನಿಮ್ಮೂರಿಗೆ ಬರ್ತಾನ" ಎಂದು ಸಿಂದಗಿ ಮಾಸ್ತರರ ಗತ್ತು. "ಕತ್ತಲಾಗೂದೂ ನಿಮ್ಮೂರಾಗ ಮೊದಲ" ಎಂದು ಇಂಡಿಯ ಉತ್ತರ. ಬಾಗೇವಾಡಿಯದು ಹೆಚ್ಚುಕಡಿಮೆ ಇಂಡಿಯದೇ ರೇಖಾಂಶ, ಹಾಗಾಗಿ ಅವರು ಇಂಡಿ ಪಕ್ಷ. ಮುದ್ದೇಬಿಹಾಳದವರು ನಡುವಿನವರು, ಇಬ್ಬರಿಗೂ ಹೌದೆನ್ನುತ್ತಾರೆ. ಅಷ್ಟರಲ್ಲಿ ಎರಡು ಪಂಗತಿ ಎದ್ದಿರುತ್ತದೆ.

ಮನೆಯಲ್ಲೂ ಪಾಠ ತಪ್ಪದು. "ಸೂರ್ಯಾನ ಕೆಳಗಿನ ಅಂಚು ನೆಲಕ್ಕ ತಾಗಿದಂಗ ಕಾಣತೈತಲ್ಲ, ಆ ಹೊತ್ತಿಗೆ ಅಂವಾ ಖರೇನ ಪೂರಾ ಮುಳುಗಿರ್ತಾನ. ನಮಗ ಕಾಣೂದು ಗಾಳಿ ಎತ್ತಿ ತೋರ್ಸಿದ್ದು ಅಷ್ಟ."

ಹೆಂಡತಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಕಣ್ಣಿಗೆ ಕಾಣತಾನ, ಆದ್ರ ಅಲ್ಲಿ ಇರೂದಿಲ್ಲ. ಅಂದ್ರ ಥೇಟ್ ನಿಮ್ಮಂಗ ಅನ್ರಿ."