ಏಳು ಪದಗಳ ಕೊರತೆ

ಹೆಂಡತಿಗೆ ಇಂಗ್ಲಿಷ್ ಬಂದರೆ ಕೆನಡಾಕ್ಕೆ ಹೊರಟ ಗಂಡನ ಅರ್ಜಿಗೆ 20 ಅಂಕದವರೆಗೂ ಸೇರುತ್ತದೆ. ಮದುವೆಯಾದಾಗಿನಿಂದ ನನ್ನ ಮಾತಿಗೆ ಇಷ್ಟು ಬೆಲೆ ಬಂದದ್ದು ಇದೇ ಮೊದಲು. ಬಿಡುವುದುಂಟೇ? ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಕೋಚಿಂಗಿಗೆ ಸೇರಿಬಿಟ್ಟೆ.

ಪ್ರಬಂಧಕ್ಕೆ 40 ನಿಮಿಷ, ಕನಿಷ್ಠ 250 ಪದ. ಮಾದರಿ ಪರೀಕ್ಷೆಯ ವಿಷಯ: ಮೃಗಾಲಯಗಳನ್ನು ಮುಚ್ಚಬೇಕು, ಎಷ್ಟರಮಟ್ಟಿಗೆ ಒಪ್ಪುತ್ತೀರಿ? ನಾನು ಬೆಳೆದದ್ದು ಮೈಸೂರಿನ ಇಟ್ಟಿಗೆಗೂಡಿನಲ್ಲಿ. 1892ರಿಂದ ಇರುವ ಝೂ ನಮಗೆ ನೆರೆಮನೆ. ಸಿಂಹ ಗರ್ಜಿಸಿದರೆ ಅಜ್ಜಿ, “ಅದಕ್ಕೂ ಹಸಿವಾಯ್ತು, ಏಳ್ರೋ ಊಟಕ್ಕೆ” ಅನ್ನುತ್ತಿದ್ದರು. ಕಲಿಸುವ ಹುಡುಗ ಮಾತ್ರ, “ಮೇಡಂ, ಅದೂ ಸರಿ ಇದೂ ಸರಿ ಅಂತ ಎಳೀಬೇಡಿ. ಒಂದು ಕಡೆ ನಿಂತ್ಕೊಳ್ಳಿ. ನಿಜ ಆಗಿರಬೇಕು ಅಂತೇನಿಲ್ಲ” ಎಂದ.

ಝೂ ಮುಚ್ಚಿಸಿದೆ.

ವಾದವೆಲ್ಲ ಮುಗಿಯಿತು. ಪರದೆಯ ತಳದಲ್ಲಿ ಪದಗಳ ಲೆಕ್ಕ ನೋಡಿದರೆ 243! ಉಳಿದದ್ದು ಮೂರು ನಿಮಿಷ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಒಂದು ಕಾಸಿನ ವಿಚಾರವೂ ಇಲ್ಲ. ‘ಐ ಥಿಂಕ್’ ಅಳಿಸಿ ‘ಇಟ್ ಈಸ್ ಮೈ ಫರ್ಮ್ ಬಿಲೀಫ್ ದಟ್’ ಎಂದೆ. ನಾಲ್ಕು ಪದ ಲಾಭ, 247. ‘ಅನಿಮಲ್ಸ್’ ಹಿಂದೆ ‘ವೈಲ್ಡ್’ ಕೂರಿಸಿದೆ, 248. ಬೋನಿನಲ್ಲಿ ಒಂಟಿಯಾಗಿದ್ದ ‘ಲಯನ್ಸ್’ಗೆ ‘ಅಂಡ್ ಟೈಗರ್ಸ್’ ಜೊತೆ ಮಾಡಿದೆ, 250! ಗೆದ್ದೆ ಅಂದುಕೊಂಡು ಕೊನೆಯ ಸಲ ಕಣ್ಣಾಡಿಸಿದರೆ, ‘ಕ್ಯಾನ್’ ಬೇರೆ, ‘ನಾಟ್’ ಬೇರೆ ನಿಂತಿವೆ. ಕೂಡಿಸಿದರೆ 249, ಕೂಡಿಸದಿದ್ದರೆ ನನ್ನ ಮಾನ. ಕೂಡಿಸಿದೆ. ಗಡಿಯಾರ ಓಡುತ್ತಿದೆ. ಮೂರನೇ ಪ್ಯಾರಾದಲ್ಲಿ ಆನೆಯೊಂದು ತನ್ನ ಪಾಡಿಗೆ ನೆಮ್ಮದಿಯಾಗಿತ್ತು. ಅದಕ್ಕೆ ‘ಸ್ಯಾಡ್’ ಅಂಟಿಸಿದೆ. ಒಂದು ಪದಕ್ಕಾಗಿ ಆನೆಯನ್ನು ಅಳಿಸಿದವಳು ನಾನು! ಹುಡುಗ ಓದಿ, “ಆನೆ ಟಚಿಂಗ್ ಆಗಿದೆ ಮೇಡಂ” ಎಂದು 6.5 ಕೊಟ್ಟ.

ಅದೇ 6.5 ನನ್ನ ಚಿಕ್ಕಮ್ಮನ ಮಗಳಿಗೂ ಬಂದಿತ್ತು. ಅವಳು ನರ್ಸು. ನರ ಸಿಗದ ಮುದುಕರಿಗೂ ಒಂದೇ ಚುಚ್ಚಿಗೆ ಡ್ರಿಪ್ ಹಾಕುವ ಕೈ. ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ಆಗ ಬರವಣಿಗೆಯಲ್ಲೂ 7 ಬೇಕಿತ್ತು. 2018ರ ಕೊನೆಗೆ ಅದನ್ನು 6.5ಕ್ಕೆ ಇಳಿಸಿದರು. ಅಷ್ಟರಲ್ಲಿ ಅವಳು ಆಸೆ ಬಿಟ್ಟು, ಇಲ್ಲೇ ರಾತ್ರಿಪಾಳಿಗೆ ಮರಳಿದ್ದಳು. ಆ ಅರ್ಧ ಅಂಕ ಯಾವ ರೋಗಿಯನ್ನು ಉಳಿಸುತ್ತಿತ್ತೋ, ಇಳಿಸಿದವರೇ ಹೇಳಬೇಕು.

ನನ್ನದು ಹೇಗೋ ದಡ ಸೇರಿತು. ಆದರೆ ಕೆನಡಾದವರು ಎರಡು ವರ್ಷ ದಾಟಿದ ಅಂಕಪಟ್ಟಿಯನ್ನು ಮುಟ್ಟುವುದಿಲ್ಲ. ನಮ್ಮ ಯಜಮಾನರು ಅರ್ಜಿ ತುಂಬುವ ವೇಗ ನೋಡಿದರೆ, ಅಷ್ಟರಲ್ಲಿ ನನಗೆ ಮತ್ತೆ ಇಂಗ್ಲಿಷ್ ಬಾರದಂತಾಗುವುದು ಖಂಡಿತ.