ಯಂತ್ರದಾನ ಮೀಮಾಂಸೆ

ಧರ್ಮಶಾಸ್ತ್ರಗಳು ದಾನವನ್ನು ವಿವರಿಸುವಾಗ ದಾನಿ, ಪ್ರತಿಗ್ರಾಹಿ, ದೇಯವಸ್ತು ಮುಂತಾದ ಅಂಗಗಳನ್ನು ವಿಂಗಡಿಸಿ, ದಕ್ಷಿಣೆಯಿಲ್ಲದ ದಾನ ನಿಷ್ಫಲವೆಂದು ವಿಧಿಸುತ್ತವೆ. ಇಲ್ಲಿ ದಕ್ಷಿಣೆಯೆಂದರೆ ದಾನದ ವಸ್ತುವಿನ ಜೊತೆಗೆ ದಾನಿಯೇ ಪ್ರತಿಗ್ರಾಹಿಯ ಕೈಗೆ ಹಾಕುವ ಹಣ. ಗೋದಾನ ಭೂದಾನಗಳಿಗೆ ಸಾಕಾಗುತ್ತಿದ್ದ ಈ ವಿಧಿ, ಶ್ರೀಮಂತ ದೇಶಗಳು ಬಡ ದೇಶಗಳಿಗೆ ಯಂತ್ರಗಳನ್ನು ದಾನಮಾಡತೊಡಗಿದ ಮೇಲೆ ತಲೆಕೆಳಗಾಯಿತು. ಈಗ ಯಂತ್ರ ಕೊಡುವವರು ಒಬ್ಬರು, ದಕ್ಷಿಣೆ ತೆರುವವರು ಅದನ್ನು ಪಡೆದವರು. ಸುಂಕ, ಬಿಡಿಭಾಗ, ಡೀಸೆಲ್, ಮೆಕ್ಯಾನಿಕ್ಕನ ಪ್ರಯಾಣಭತ್ಯೆ ಎಂಬ ರೂಪಗಳಲ್ಲಿ ಯಂತ್ರ ಕೆಡುವವರೆಗೂ, ಕೆಲವೊಮ್ಮೆ ಕೆಟ್ಟ ಮೇಲೂ, ಕಂತುಕಂತಾಗಿ ಸಲ್ಲುವ ಈ ಹಣಕ್ಕೆ ಪ್ರಸ್ತುತ ಪ್ರಬಂಧವು ವಿಲೋಮದಕ್ಷಿಣೆ ಎಂಬ ಹೆಸರಿಟ್ಟಿದೆ. ದಾನವಾಗಿ ಬಂದ ಎಮ್ಮೆಯ ಹಲ್ಲು ಎಣಿಸಬಾರದೆಂಬ ಗಾದೆಯ ಕರ್ತೃ ದಾನಿಗಳ ಪಕ್ಷದವನೇ ಇರಬೇಕೆಂಬುದು ಆಂತರಿಕ ಸಾಕ್ಷ್ಯದಿಂದಲೇ ಸಿದ್ಧವಾಗುತ್ತದೆ.

ಯಂತ್ರದಾನದ ಪ್ರಥಮ ಲಕ್ಷಣವೆಂದರೆ ಯಂತ್ರವು ದಾನಿಯ ಕಣ್ಣಿಗೆ ಹಿತವಾಗಿರುವುದು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಪ್ಲೇಪಂಪ್ ಇದಕ್ಕೆ ಪರಮೋದಾಹರಣೆ. ಮಕ್ಕಳು ಗಿರಗಟ್ಟಲೆಯ ಮೇಲೆ ಕುಳಿತು ಆಡಿದರೆ ಅದರ ಸುತ್ತಾಟದಿಂದಲೇ ಕೊಳವೆಬಾವಿಯ ನೀರು ಮೇಲೆದ್ದು ಎತ್ತರದ ತೊಟ್ಟಿಯನ್ನು ಸೇರುತ್ತದೆ, ತೊಟ್ಟಿಯ ಮುಖಗಳಿಗೆ ಹಚ್ಚಿದ ಜಾಹೀರಾತುಗಳ ಆದಾಯದಿಂದ ರಿಪೇರಿ ನಡೆಯುತ್ತದೆ ಎಂಬುದು ಇದರ ತತ್ತ್ವ. 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಇದಕ್ಕೆ ಸಂದಿತು. 2006ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್ ಅವರು 1.64 ಕೋಟಿ ಡಾಲರುಗಳ ನೆರವನ್ನು ಘೋಷಿಸಿದರು; 2010ರೊಳಗೆ 4,000 ಪಂಪುಗಳನ್ನು ನೆಡುವ ಸಂಕಲ್ಪವಾಯಿತು. ಒಂದಕ್ಕೆ ಸುಮಾರು 14,000 ಡಾಲರು ತಗಲುತ್ತಿತ್ತು; ಅದೇ ಹಣದಲ್ಲಿ ಹಲವು ಕೈಪಂಪುಗಳು ಬರುತ್ತಿದ್ದವೆಂಬ ಆಕ್ಷೇಪವನ್ನು ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕೆಂದೇ ಮೊದಲು ಎತ್ತಿಕೊಳ್ಳುವ ವಾದ, ಎಂದು ಪರಿಗಣಿಸಿ ಹೀಗೆ ಪರಿಹರಿಸಬಹುದು: ಕೈಪಂಪನ್ನು ಒತ್ತುವ ಹೆಂಗಸಿನ ಫೋಟೊದಲ್ಲಿ ಯಾರೂ ನಗುತ್ತಿರುವುದಿಲ್ಲ.

ಒಂದು ಪಂಪು 2,500 ಜನರ ದೈನಂದಿನ ಅಗತ್ಯವನ್ನು ಪೂರೈಸಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಬಿಡುವಿಲ್ಲದೆ ಆಡಬೇಕಾಗುತ್ತದೆಂದು 2009ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ಇದು ಪಂಪಿನ ದೋಷವಲ್ಲ, ಪಂಚಾಂಗದ ದೋಷ. ಮಕ್ಕಳು ಶಾಲೆಗೆ ಹೋದಾಗ ಅಥವಾ ಆಟ ಬೇಸರವಾದಾಗ ತಾಯಂದಿರು, ಮುದುಕಿಯರು ನಡು ಬಗ್ಗಿಸಿ ಆ ಬಣ್ಣದ ಗಿರಗಟ್ಟಲೆಯನ್ನು ಕೈಯಿಂದ ತಳ್ಳುತ್ತ ಸುತ್ತಬೇಕಾಯಿತು. ಹಲವೆಡೆ ಮೊದಲಿದ್ದ ಕೈಪಂಪನ್ನು ಕಿತ್ತೇ ಇದನ್ನು ನೆಟ್ಟಿದ್ದರಿಂದ ಹಿಂದಿರುಗುವ ದಾರಿಯೂ ಇರಲಿಲ್ಲ. ಕೊಳ್ಳುವವರಿಲ್ಲದ ಹಳ್ಳಿಯ ತೊಟ್ಟಿಗೆ ಜಾಹೀರಾತು ಕೊಡಲು ಕಂಪನಿಗಳು ಮುಂದೆ ಬರಲಿಲ್ಲ, ಆದ್ದರಿಂದ ರಿಪೇರಿಯ ನಿಧಿಯೂ ಒದಗಲಿಲ್ಲ, ಕೆಟ್ಟದ್ದನ್ನು ಬಿಚ್ಚಿ ಸರಿಪಡಿಸುವ ವಿದ್ಯೆಯನ್ನು ಊರಿನವರಿಗೆ ಯಾರೂ ಕಲಿಸಿರಲಿಲ್ಲ.

ಎರಡನೆಯ ಲಕ್ಷಣ ದೇಶಕಾಲ ನಿರಪೇಕ್ಷತೆ, ಎಂದರೆ ಯಂತ್ರ ಯಾವ ಊರಿಗೆ ಹೋಗುತ್ತದೆಂಬುದನ್ನು ವಿಚಾರಿಸದಿರುವುದು. ಕೀನ್ಯಾದ ತುರ್ಕಾನಾ ಸರೋವರದ ದಡದಲ್ಲಿ, ದನ ಮೇಯಿಸಿ ಬದುಕುವ ಜನರ ನಡುವೆ, ನಾರ್ವೆಯ ನೆರವಿನಿಂದ ಮೀನು ಹೆಪ್ಪುಗಟ್ಟಿಸುವ ಕಾರ್ಖಾನೆ ಎದ್ದಿತು. ಆ ಬಿಸಿಲಿನಲ್ಲಿ ಮೀನನ್ನು ತಣ್ಣಗಿಡುವ ಖರ್ಚು ಮೀನಿನ ಬೆಲೆಯನ್ನೇ ಮೀರಿದ್ದರಿಂದ ಕಾರ್ಖಾನೆ ಬೇಗನೆ ಬಾಗಿಲು ಹಾಕಿತು. ಆಸ್ಪತ್ರೆಗಳ ಶಾಖೆ ಇನ್ನೂ ಸಮೃದ್ಧವಾದುದು. ಬಡ ದೇಶಗಳ ವೈದ್ಯಕೀಯ ಉಪಕರಣಗಳಲ್ಲಿ ಸುಮಾರು ಶೇಕಡಾ 40ರಷ್ಟು ಕೆಲಸ ಮಾಡದೆ ಬಿದ್ದಿವೆಯೆಂದು 2011ರ ಒಂದು ಸಮೀಕ್ಷೆ ಕಂಡುಕೊಂಡಿತು. 110 ವೋಲ್ಟಿನ ವಿದ್ಯುತ್ತಿಗೆಂದು ಅಮೆರಿಕದಲ್ಲಿ ತಯಾರಾದ ಯಂತ್ರವನ್ನು 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದರೆ ಹೊಗೆ ಬರುತ್ತದೆ. ಆ ಬಳಿಕ ಅದನ್ನು ಎಸೆಯುವಂತಿಲ್ಲ, ಏಕೆಂದರೆ ಅದು ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾಗಿರುತ್ತದೆ.

ಶಾಸ್ತ್ರಕ್ಕೆ ಒಗ್ಗದ ಅಪವಾದವೊಂದನ್ನು ಇಲ್ಲಿ ದಾಖಲಿಸಲೇಬೇಕು. ಭಾರತದ ಹಳ್ಳಿಗಳಿಗೂ ಒಂದು ಕಾಲದಲ್ಲಿ, ಪಾಶ್ಚಾತ್ಯ ದೇಶಗಳ ಒಂದೊಂದು ಮನೆಯ ಬಳಕೆಗೆಂದು ರೂಪಿಸಿದ ಎರಕದ ಕಬ್ಬಿಣದ ಕೈಪಂಪುಗಳು ಬಂದು, ಇಡೀ ಊರಿನ ಕೈ ತಾಗಿದೊಡನೆ ಮುರಿದುಬಿದ್ದವು. 1970ರ ದಶಕದಲ್ಲಿ ಯುನಿಸೆಫ್ ನೆರವಿನೊಂದಿಗೆ ಇಲ್ಲಿಯೇ ಸೊಲ್ಲಾಪುರದ ಪಂಪಿನ ಮಾದರಿಯನ್ನು ಸುಧಾರಿಸಿ ಉಕ್ಕಿನ ಇಂಡಿಯಾ ಮಾರ್ಕ್ 2 ಕೈಪಂಪನ್ನು ರೂಪಿಸಲಾಯಿತು. ಅದಕ್ಕೆ ಪೇಟೆಂಟಿನ ಕಟ್ಟಿಲ್ಲ, ಯಾರು ಬೇಕಾದರೂ ತಯಾರಿಸಬಹುದು, ಆಫ್ರಿಕಾದ ದೇಶಗಳಿಗೂ ಅದು ಹಬ್ಬಿತು. ಬಳಸುವವರನ್ನು ನೋಡಿ ತಯಾರಿಸಿದ ಈ ಪಂಪು ಯಂತ್ರದಾನದ ಒಂದು ಲಕ್ಷಣವನ್ನೂ ಹೊಂದಿಲ್ಲವಾದ್ದರಿಂದ ಅದರ ವಿವೇಚನೆ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.